ಬೇರಿರುವ ಮರ, ಪ್ಲಾಸ್ಟಿಕ್ ಹಸಿರು, ಕತ್ತರಿಸಿದ ಟೊಂಗೆ: ಮೂರು ಕ್ರಿಸ್ಮಸ್, ಎರಡು ಕುಂಡ

ಮೊದಲೇ ಹೇಳಿಬಿಡುತ್ತೇನೆ, ನಾನು ಟೊಂಗೆಗಳ ಪಕ್ಷ. ಬಾಗಿಲಿನ ಎರಡೂ ಬದಿಯ ಕುಂಡಗಳಲ್ಲಿ ಕ್ರಿಸ್ಮಸ್ ಅಲಂಕಾರಕ್ಕೆ ಅಂತ ಈ ಸಲ ನಿಂತಿರುವುದು ಬರೀ ಕತ್ತರಿಸಿದ ಟೊಂಗೆಗಳು. ಇದಕ್ಕೆ ಮೊದಲು ಒಂದು ಚಳಿಗಾಲ ಪ್ಲಾಸ್ಟಿಕ್ ಹಸಿರು ಇಟ್ಟಿದ್ದೆ. ಇನ್ನೊಂದು ಚಳಿಗಾಲ ಬೇರು ಸಮೇತ ಪುಟ್ಟ ಕ್ರಿಸ್ಮಸ್ ಮರ ತಂದಿದ್ದೆ. ಜಾಸ್ತಿ ದುಡ್ಡು ಹೋಗಿದ್ದು, ಜಾಸ್ತಿ ಬೇಜಾರಾಗಿದ್ದು ಎರಡೂ ಆ ಮರದಿಂದಲೇ. ಹಾಗಾಗಿ ಪೆಟ್ಟು ತಿಂದವಳ ಮಾತು ಅಂದುಕೊಂಡೇ ಓದಿ.

ಪ್ಲಾಸ್ಟಿಕ್ ವಿಷಯ ಬೇಗ ಮುಗಿಸುತ್ತೇನೆ. ಅದರಲ್ಲಿ ಎರಡು ಜಾತಿ. ಪಿವಿಸಿ ಹಾಳೆಯನ್ನು ಸಣ್ಣ ಎಳೆಗಳಾಗಿ ಕತ್ತರಿಸಿ ತಂತಿಗೆ ಹೊಸೆದಿರುವುದು ಒಂದು, ಪಿಇ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹಾಕಿ ತೆಗೆದಿರುವುದು ಇನ್ನೊಂದು. ಎರಡನೆಯದು ಹತ್ತಿರ ಹೋಗಿ ಮುಟ್ಟುವವರೆಗೂ ನಿಜವಾದ್ದೇ ಅನ್ನಿಸುತ್ತೆ, ಬೆಲೆಯೂ ಹಾಗೇ ಇರುತ್ತೆ. ನಾನು ತಂದಿದ್ದು ಮೊದಲನೆಯದು. ಮನೆಯೊಳಗೆ ಸಂಜೆ ದೀಪದಲ್ಲಿ ಚೆನ್ನಾಗೇ ಕಾಣುತ್ತಿತ್ತು. ಹೊರಗಿಟ್ಟ ಮೇಲೆ ಬಿಸಿಲಿಗೆ ಬಣ್ಣ ಹೋಗಿ ಒಂಥರಾ ನೀಲಿ ನೀಲಿಯಾಯಿತು. ಹಗುರ ಬೇರೆ. ಗಾಳಿ ಬೀಸಿದ ರಾತ್ರಿ ಕುಂಡ ಸಮೇತ ಉರುಳಿ ಮೆಟ್ಟಿಲ ಕೆಳಗೆ ಬಿದ್ದಿತ್ತು, ತಳಕ್ಕೆ ಕಲ್ಲು ತುಂಬಿದ ಮೇಲಷ್ಟೇ ನೆಟ್ಟಗೆ ನಿಂತಿತು. ಆಮೇಲೆ ಡಬ್ಬದ ಕಥೆ. ಬರುವಾಗ ಯಾವ ಡಬ್ಬದಲ್ಲಿ ಬಂತೋ, ಒಂದು ಸಲ ಬಿಡಿಸಿದ ಮೇಲೆ ಅದೇ ಡಬ್ಬಕ್ಕೆ ಅದು ಹಿಡಿಯುವುದೇ ಇಲ್ಲ. ನಮ್ಮ ಮನೆಯಲ್ಲಿ ಅಟ್ಟವಿಲ್ಲ. ಹನ್ನೊಂದು ತಿಂಗಳು ಮಂಚದ ಕೆಳಗಿತ್ತು, ಕಸ ಗುಡಿಸುವಾಗೆಲ್ಲ ಹಸಿರು ಎಳೆ ಸಿಗುತ್ತಿದ್ದವು. ಅಟ್ಟ ಇದ್ದು, ಹತ್ತು ವರ್ಷ ಒಂದನ್ನೇ ಬಳಸುವ ಶಿಸ್ತೂ ಇದ್ದರೆ ತಗೊಳ್ಳಿ. ತಗೊಂಡರೆ ಪಿಇಯದ್ದೇ ತಗೊಳ್ಳಿ.

ಈಗ ಆ ಮರ.

ಕುಂಡದಲ್ಲಿ ಮಾರುವ ಪುಟ್ಟ ಮರಗಳಲ್ಲಿ ಡ್ವಾರ್ಫ್ ಅಲ್ಬರ್ಟಾ ಸ್ಪ್ರೂಸ್ ಅಂತ ಒಂದಿದೆ. ಕತ್ತರಿ ಮುಟ್ಟಿಸದಿದ್ದರೂ ಚೂಪು ಮಾಡಿದ ಪೆನ್ಸಿಲ್ ತುದಿಯ ಹಾಗೆ ಬೆಳೆಯುತ್ತೆ, ಅದೂ ವರ್ಷಕ್ಕೆ 5ರಿಂದ 10 ಸೆಂಟಿಮೀಟರ್ ಅಷ್ಟೇ. 1904ರಲ್ಲಿ ಅಮೆರಿಕದ ಆರ್ನಾಲ್ಡ್ ಆರ್ಬೊರೇಟಂ ಅನ್ನುವ ಮರಗಳ ತೋಟದ ಇಬ್ಬರು ಸಸ್ಯವಿಜ್ಞಾನಿಗಳಿಗೆ ಕೆನಡಾದ ಅಲ್ಬರ್ಟಾದಲ್ಲಿ ಸಿಕ್ಕ ಕುಳ್ಳ ಗಿಡಗಳ ಸಂತಾನ ಇದು. ಇದನ್ನೆಲ್ಲ ಓದಿ ಮರುಳಾಗಿ ತಂದೆ. ವರ್ಷವರ್ಷ ಇಷ್ಟಿಷ್ಟೇ ಬೆಳೆಯುತ್ತೆ, ಪ್ರತಿ ಡಿಸೆಂಬರಿಗೂ ಅದನ್ನೇ ಸಿಂಗರಿಸಬಹುದು, ಒಂದೇ ಸಲದ ಖರ್ಚು ಅಂತ ಮನೆಯಲ್ಲಿ ಎಲ್ಲರನ್ನೂ ಒಪ್ಪಿಸಿದ್ದೂ ನಾನೇ. ಗಿಡದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದಿದ್ದು ಅದು ಕೂತಿದ್ದ ಬಕೆಟ್ಟಿನಲ್ಲಿ.

ತಗಡಿನ ಬಕೆಟ್. ಸುತ್ತ ಕೆಂಪು ರಿಬ್ಬನ್ನು, ಮಣ್ಣಿನ ಮೇಲೆ ಪಾಚಿ ಹೊದಿಸಿ ಅಚ್ಚುಕಟ್ಟಾಗಿ ಮಾಡಿದ್ದರು. ಅಂಥದ್ದನ್ನು ಎತ್ತಿ ತಳ ನೋಡಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳಿ? ತಳದಲ್ಲಿ ಒಂದೂ ತೂತಿರಲಿಲ್ಲ. ಮಾರಿದವರು ಹೇಳಲಿಲ್ಲ, ನಾನು ಕೇಳಲಿಲ್ಲ. ನೀರು ಹಾಕುತ್ತಾ ಹೋದೆ. ಮಧ್ಯೆ ನಾಲ್ಕು ದಿನ ಮಳೆಯೂ ಬಂತು. ಪಾಚಿ ಮುಚ್ಚಿದ್ದರಿಂದ ಮೇಲೆ ನೀರು ನಿಂತಿರುವುದು ಕಾಣಲೇ ಇಲ್ಲ.

ಇದರಲ್ಲಿ ಮೋಸ ಏನು ಗೊತ್ತಾ? ಇಂಥ ಸೂಜಿ ಎಲೆಯ ಮರಗಳು ಸತ್ತಿದ್ದನ್ನು ತಕ್ಷಣ ತೋರಿಸುವುದಿಲ್ಲ. ತುಳಸಿಗೋ ಮಲ್ಲಿಗೆಗೋ ಏನಾದರೂ ಆದರೆ ಎರಡು ದಿನದಲ್ಲಿ ಎಲೆ ಜೋತುಬಿದ್ದು ಹೇಳಿಬಿಡುತ್ತೆ. ಸ್ಪ್ರೂಸ್ ಎಲೆ ಗಟ್ಟಿ, ಮೇಲೆ ಮೇಣದ ಲೇಪ, ಒಳಗಿನ ನೀರು ಆರುವುದೇ ನಿಧಾನ. ಬೇರು ಹೋಗಿ ವಾರಗಳಾದರೂ ಮೇಲೆ ಹಸಿರು ಹಸಿರಾಗೇ ಇರುತ್ತೆ. ನಮ್ಮದು ಕ್ರಿಸ್ಮಸ್ ದಿನ ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ಆಗಲೇ ಅದರ ಕಥೆ ಮುಗಿದಿತ್ತು ಅಂತ ಈಗಲೂ ನಂಬಲಾಗುವುದಿಲ್ಲ.

ಜನವರಿ ಮಧ್ಯದಲ್ಲಿ ಒಂದು ಬದಿಯ ಬಣ್ಣ ಮಂಕಾಯಿತು. ಮುಟ್ಟಿದರೆ ಎಲೆ ಉದುರಿತು. ಎಲೆ ಒಣಗಿದೆ ಅಂದರೆ ನೀರು ಸಾಲಲಿಲ್ಲ ಅಂತ ತಾನೇ ಅನ್ನಿಸುವುದು? ಇನ್ನೆರಡು ಚೊಂಬು ಸುರಿದೆ. ಬೇರಿಗೂ ಗಾಳಿ ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿಕೊಂಡರೆ ಅದು ಉಸಿರು ಕಟ್ಟಿ ಕೊಳೆಯುತ್ತೆ, ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ನೀರಲ್ಲಿ ನಿಂತೇ ಗಿಡ ಒಣಗುತ್ತೆ. ಇದೆಲ್ಲ ಆಮೇಲೆ ತಿಳಿದಿದ್ದು. ಆಗ ನನಗೆ ತಿಳಿಸಿದ್ದು ಮಗಳು. ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಾ, "ಅಮ್ಮಾ, ಇಲ್ಲಿ ಯಾಕೆ ಕೆರೆ ವಾಸನೆ ಬರ್ತಿದೆ?" ಅಂದಳು.

ಗಿಡ ಹಿಡಿದು ಮೇಲೆತ್ತಿದೆ. ಬಕೆಟ್ಟಿಗಿಂತ ನಾಲ್ಕು ಬೆರಳು ಕಡಿಮೆ ನೀರು, ಕರೀ ನೀರು. ಬೇರಿನ ಉಂಡೆಯಿಂದ ಒಂದು ಎಳೆ ಹಿಡಿದು ಮೆಲ್ಲಗೆ ಎಳೆದರೆ ಸಿಪ್ಪೆ ಕಳಚಿ ಬೆರಳಿಗೆ ಬಂತು, ಒಳಗೆ ಹೊಲಿಗೆ ದಾರದಂಥ ನಾರು ಮಾತ್ರ ಉಳಿಯಿತು. ಒಳ್ಳೇ ಬೇರಾದರೆ ಗಟ್ಟಿಯಾಗಿರುತ್ತೆ, ತುದಿ ಬೆಳ್ಳಗಿರುತ್ತೆ. ಒಂದೂ ಬೆಳ್ಳಗಿರಲಿಲ್ಲ. ನಮ್ಮ ಯಜಮಾನರು ಬಂದು ಬಕೆಟ್ ಕವುಚಿ, ತಳ ತಟ್ಟಿ ನೋಡಿ, "ಇದಕ್ಕೆ ತೂತೇ ಇಲ್ವಲ್ಲೇ" ಅಂದರು. ಒಂದೂವರೆ ತಿಂಗಳಲ್ಲಿ ಅದರ ತಳ ನೋಡಿದ ಮೊದಲನೇ ಮನುಷ್ಯ ಅವರೇ.

ಹಾಗಂತ ಜೀವಂತ ಮರವೇ ಬೇಡ ಅಂತಲ್ಲ. ಮುಂದೆ ನೆಲದಲ್ಲಿ ನೆಡಲು ಜಾಗವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಮನೆಯೊಳಗೆ ತಂದರೆ ವಾರ, ಹೆಚ್ಚೆಂದರೆ ಹತ್ತು ದಿನ ಇಡಿ. ಬೆಚ್ಚಗಿನ ಕೋಣೆಯಲ್ಲಿ ಜಾಸ್ತಿ ದಿನ ಇದ್ದರೆ ಅದು ವಸಂತ ಬಂತು ಅಂದುಕೊಂಡು ಚಿಗುರಲು ಶುರು ಮಾಡುತ್ತೆ, ಆಮೇಲೆ ಚಳಿಗೆ ಇಟ್ಟರೆ ಚಿಗುರು ಸುಟ್ಟುಹೋಗುತ್ತೆ. ಹೊರಗೇ ಇರುವುದಾದರೂ ನೆಲದಲ್ಲಿರುವ ಬೇರಿಗಿಂತ ಕುಂಡದ ಬೇರಿಗೆ ಚಳಿ ಜಾಸ್ತಿ ತಟ್ಟುತ್ತೆ, ನಾಲ್ಕೂ ಕಡೆಯಿಂದ. ಇನ್ನು ಕ್ರಿಸ್ಮಸ್ ಮರ ಅಂತಲೇ ಕೊಡುವ ನಾರ್ಫೋಕ್ ಐಲ್ಯಾಂಡ್ ಪೈನ್ ಪೈನೇ ಅಲ್ಲ, ಅರಾಕೇರಿಯಾ ಅನ್ನುವ ಬೇರೆಯೇ ಕುಲದ ಮರ. ಪೆಸಿಫಿಕ್ ಸಾಗರದ ಬೆಚ್ಚನೆಯ ದ್ವೀಪದ ಮರ, ಹೆಪ್ಪುಗಟ್ಟುವ ಚಳಿ ತಡೆಯುವುದಿಲ್ಲ. ಅದರ ಕೆಳಗಿನ ರೆಂಬೆ ಒಣಗಿ ಬಿದ್ದರೆ ಆ ಜಾಗದಲ್ಲಿ ಮತ್ತೆ ಬರುವುದೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಟೊಂಗೆಗೆ ಬಂದೆ. ಪಕ್ಕದ ಮನೆಯವರು ಬೇಲಿಯ ಸೈಪ್ರಸ್ ಕತ್ತರಿಸಿ ರಾಶಿ ಹಾಕಿದ್ದರು. "ತಗೊಂಡು ಹೋಗಲಾ ಆಂಟಿ?" ಅಂತ ಕೇಳಿದ್ದಕ್ಕೆ, "ಎಲ್ಲಾ ತಗೊಂಡು ಹೋಗಮ್ಮ, ಸಾಗಿಸೋ ಕೆಲಸ ತಪ್ಪಿತು" ಅಂದರು. ಪೈನ್ ಟೊಂಗೆ ಒಂದಷ್ಟು ಮಾತ್ರ ದುಡ್ಡು ಕೊಟ್ಟು ತಂದೆ. ಬುಡವನ್ನು ಓರೆಯಾಗಿ ಮತ್ತೊಮ್ಮೆ ಕತ್ತರಿಸಿ ರಾತ್ರಿಯಿಡೀ ನೀರಲ್ಲಿ ನಿಲ್ಲಿಸಿದೆ. ಬೆಳಗ್ಗೆ ಕುಂಡದ ಹಳೇ ಮಣ್ಣನ್ನೇ ಚೆನ್ನಾಗಿ ನೆನೆಸಿ ಒಂದು ಗೇಣಿನಷ್ಟು ಒಳಗೆ ಚುಚ್ಚಿದೆ. ನಡುವೆ ಎತ್ತರದ್ದು, ಅದರ ಸುತ್ತ ದಪ್ಪನೆಯದು, ಅಂಚಿಗೆ ಜೋತುಬೀಳುವ ಸೈಪ್ರಸ್. ಎಲೆ ಉದುರಿದ ಒಣ ಕಡ್ಡಿ ಒಂದೈದಾರು ಸಿಕ್ಕಿಸಿದರೆ ಇನ್ನೂ ಚೆನ್ನ. ಟೊಂಗೆ ಎಷ್ಟು ಬೇಕು ಅಂದುಕೊಂಡಿರುತ್ತೀರೋ ಅದರ ಎರಡರಷ್ಟು ಇಟ್ಟುಕೊಳ್ಳಿ, ಕುಂಡ ನುಂಗುತ್ತಲೇ ಇರುತ್ತೆ.

ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಮಣ್ಣು ಗಟ್ಟಿಯಾಗುವ ಮೊದಲೇ ಚುಚ್ಚಬೇಕು. ಆಮೇಲೆ ಆ ಮಣ್ಣೇ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತೆ, ಗಾಳಿಗೂ ಅಲ್ಲಾಡುವುದಿಲ್ಲ. ಅಷ್ಟು ಚಳಿ ಇಲ್ಲದ ಕಡೆ ಮಣ್ಣು ಒಣಗದ ಹಾಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಹಾಕಬೇಕು. ಮಣ್ಣಿನ ಕುಂಡಕ್ಕೆ ಮಾತ್ರ ಆ ಚಳಿ ಆಗಿಬರುವುದಿಲ್ಲ. ನೀರು ಹೆಪ್ಪುಗಟ್ಟಿದರೆ ಸುಮಾರು 9 ಶೇಕಡಾ ಹಿಗ್ಗುತ್ತೆ, ಕುಂಡ ಬಾಯಿ ಬಿಡುತ್ತೆ.

ಒಂದು ತಮಾಷೆ. ಪೈನ್ ಕಾಯಿಗಳಿಗೆ ತಂತಿ ಸುತ್ತಿ ಟೊಂಗೆಗಳ ಮಧ್ಯೆ ಕಟ್ಟಿದ್ದೆ, ಎಲ್ಲವೂ ಚೆನ್ನಾಗಿ ಬಿರಿದಿದ್ದವು. ರಾತ್ರಿ ಮಳೆ ಬಂತು. ಬೆಳಗ್ಗೆ ನೋಡಿದರೆ ಎಲ್ಲಾ ಮುಷ್ಟಿ ಕಟ್ಟಿಕೊಂಡು ಕೂತಿವೆ! ಯಾರೋ ಬದಲಾಯಿಸಿಬಿಟ್ಟರಾ ಅಂತ ಒಂದು ಕ್ಷಣ ಅನುಮಾನ ಬಂತು. ಒದ್ದೆಯಾದರೆ ಮುಚ್ಚುವುದು, ಒಣಗಿದರೆ ತೆರೆಯುವುದು ಅವುಗಳ ಸ್ವಭಾವವಂತೆ, ಮರದಿಂದ ಬಿದ್ದ ಮೇಲೂ. ಮಧ್ಯಾಹ್ನದ ಬಿಸಿಲಿಗೆ ಮತ್ತೆ ಒಂದೊಂದೇ ಬಿಚ್ಚಿಕೊಂಡವು.

ಟೊಂಗೆಯಲ್ಲೂ ಕೊರತೆ ಇದೆ. ಹೊರಗಿನ ತಂಪಿನಲ್ಲಿ ಐದು ವಾರ ಬಂತು, ಆದರೆ ಅದೇ ರಾಶಿಯಿಂದ ಮಾಡಿ ಒಳಗಿನ ಗೋಡೆಗೆ ಹಾಕಿದ ಬಳೆಯಾಕಾರದ ಟೊಂಗೆ ಹಾರ ಹತ್ತೇ ದಿನಕ್ಕೆ ಗರಿಗರಿಯಾಯಿತು. ಮನೆಯೊಳಗಿನ ಒಣ ಗಾಳಿಗೆ ಸ್ಪ್ರೂಸ್ ಎಲ್ಲಕ್ಕಿಂತ ಬೇಗ ಉದುರುತ್ತೆ, ಪೈನ್, ಫರ್ ತಡೆಯುತ್ತವೆ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಾದರೆ ಯೂ (yew) ಅನ್ನುವ ಮರದ ಟೊಂಗೆ ತರಲೇಬೇಡಿ, ಅದು ವಿಷ. ಹಾಲಿ (holly) ಅನ್ನುವ ಗಿಡದ ಕೆಂಪು ಹಣ್ಣೂ ಬಾಯಿಗೆ ಹೋಗಬಾರದು.

ಮನೆಯೊಳಗಿನ ಕೆಂಪಿಗೆ ಪೊಯಿನ್‌ಸೆಟಿಯಾ ಒಂದೇ ಸಾಕು. ಕೆಂಪಗಿರುವುದು ಹೂವಲ್ಲ, ಎಲೆ. ನಿಜವಾದ ಹೂ ನಡುವಿನ ಆ ಹಳದಿ ಚುಕ್ಕಿಗಳು. ಮೆಕ್ಸಿಕೋ ಗಿಡ, 10 ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ಉದುರಿಸುತ್ತೆ, ಹಾಗಾಗಿ ಚಳಿಯಲ್ಲಿ ಹೊರಗಿನ ಕುಂಡಕ್ಕೆ ಬೇಡ. ಅದಕ್ಕೂ ಹೊಳೆಯುವ ಕಾಗದ ಸುತ್ತಿ ಕೊಡುತ್ತಾರಲ್ಲ, ಅದೂ ತೂತಿಲ್ಲದ ಬಕೆಟ್ಟೇ! ಈಗ ತಂದ ತಕ್ಷಣ ನಾನು ಮಾಡುವ ಮೊದಲನೇ ಕೆಲಸ ಕಾಗದದ ತಳ ಹರಿಯುವುದು. ಆ ಗಿಡವನ್ನು ಮುಂದಿನ ವರ್ಷಕ್ಕೆ ಉಳಿಸಲೂ ನೋಡಿದೆ. ಮತ್ತೆ ಕೆಂಪಾಗಬೇಕಾದರೆ ಸುಮಾರು ಎಂಟು ವಾರ, ದಿನಕ್ಕೆ 14 ಗಂಟೆ ಕಗ್ಗತ್ತಲಲ್ಲಿ ಇಡಬೇಕು. ಸಂಜೆ ಕಪಾಟಿಗೆ, ಬೆಳಗ್ಗೆ ಕಿಟಕಿಗೆ. ಆರು ದಿನ ಮಾಡಿದೆ. ಏಳನೇ ದಿನ ಮರೆತೆ.

ಸೀರಿಯಲ್ ಸೆಟ್ ಬಗ್ಗೆ ಎರಡೇ ಮಾತು. ಸೋಲಾರಿನದ್ದು ಡಿಸೆಂಬರಿನ ಚಿಕ್ಕ ಹಗಲಿಗೆ ಸರಿಯಾಗಿ ಚಾರ್ಜೇ ಆಗಲಿಲ್ಲ, ನಾವು ಊಟಕ್ಕೆ ಕೂರುವಷ್ಟರಲ್ಲಿ ಅದು ಮಲಗಿರುತ್ತಿತ್ತು. ಈಗಿರುವುದು ಬ್ಯಾಟರಿ, ಟೈಮರ್ ಇರುವುದು. 6 ಗಂಟೆ ಉರಿದು 18 ಗಂಟೆ ಆರುತ್ತೆ, ನಾನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಪ್ಲಗ್ಗಿನದ್ದೇ ಬೇಕಾದರೆ ಡಬ್ಬದ ಮೇಲೆ ಕಡೇಪಕ್ಷ ಐಪಿ44 ಅಂತ, ಅಂದರೆ ನೀರು ಸಿಡಿದರೂ ತಡೆಯುತ್ತೆ ಅನ್ನುವ ಗುರುತು, ಇರಲಿ, ಐಪಿ20 ಒಳಗಿಗೆ ಮಾತ್ರ.

ನನಗೆ ಟೊಂಗೆ ಯಾಕೆ ಸರಿ ಅಂದರೆ, ನಾನು ಗಿಡಕ್ಕೆ ಒಂದೋ ನೀರು ಹಾಕುವುದನ್ನೇ ಮರೆಯುವವಳು, ಇಲ್ಲಾ ನೆನಪಾದಾಗ ಮೂರು ದಿನದ್ದು ಒಟ್ಟಿಗೆ ಸುರಿಯುವವಳು. ಟೊಂಗೆ ಎರಡನ್ನೂ ಸಹಿಸಿಕೊಳ್ಳುತ್ತೆ. ಜನವರಿಯಲ್ಲಿ ಕಿತ್ತು, ಚೂರು ಮಾಡಿ ಉಳಿದ ಕುಂಡಗಳ ಮಣ್ಣಿಗೆ ಹೊದಿಸಿದರೆ ಮುಗಿಯಿತು, ಮಂಚದ ಕೆಳಗೆ ಏನೂ ಹೋಗುವುದಿಲ್ಲ. ಖರ್ಚು ಹೇಳುವಷ್ಟಿಲ್ಲ. ಉಳಿದ ದುಡ್ಡು ಬ್ಯಾಟರಿಗೆ ಹೋಗುತ್ತಿದೆ, ಅದು ಬೇರೆ ವಿಷಯ.

ಆ ಬಕೆಟ್ ಎಸೆಯಲಿಲ್ಲ. ಯಜಮಾನರು ದಪ್ಪ ಮೊಳೆ ಇಟ್ಟು ತಳಕ್ಕೆ ಏಳು ತೂತು ಹೊಡೆದರು, ಮೂರು ಸಾಕಿತ್ತು. ಈಗ ಎಡಗಡೆಯ ಟೊಂಗೆಗಳು ನಿಂತಿರುವುದು ಅದರಲ್ಲೇ. ಮಗಳು ಶೂ ಹಾಕಿಕೊಳ್ಳುವಾಗ ಈಗಲೂ ಒಮ್ಮೆ ಬಗ್ಗಿ ಮೂಸಿ ನೋಡುತ್ತಾಳೆ.