ಶೆಟ್ಟರ ಫ್ರೀಜರ್‌ನಲ್ಲಿ ಒಂದು ರಾತ್ರಿ ಕಳೆದ ಬ್ಯಾಟರಿ

ಪುಣೆಯ ಎಲೆಕ್ಟ್ರಿಕ್ ಸಾಮಾನಿನ ಬೀದಿ ತಾಪಕೀರ್ ಗಲ್ಲಿಯ ಅಂಗಡಿ ಹುಡುಗ ನನ್ನ ಪ್ರಶ್ನೆಗೆ ಕೊಟ್ಟ ಉತ್ತರ ಇಷ್ಟೇ: "ಕಾಕು, ಸಗಳೆ ಸಾರಖೇಚ ಅಸತಾತ." ಎಲ್ಲಾ ಒಂದೇ ಥರ ಇರುತ್ತವೆ ಅಂತ. ನಾನು ಕೇಳಿದ್ದು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್‌ಗೆ ಹಾಕಿದರೆ ನಮ್ಮ ಪ್ರವಾಸದ ವ್ಯಾನಿಗೆ ಹಾಕುವ ಈ ಲಿಥಿಯಂ ಬ್ಯಾಟರಿ ಏನು ಮಾಡುತ್ತದೆ ಅಂತ. ಪಾಪ, ಅವನ ತಪ್ಪಲ್ಲ. ಬುಧವಾರ ಪೇಟೆಯಲ್ಲಿ ಬಂದು ಇದನ್ನು ಯಾರು ಕೇಳುತ್ತಾರೆ? ಪುಣೆಯಲ್ಲಿ ಹತ್ತು ಡಿಗ್ರಿಗೆ ಇಳಿದರೆ ಸಾಕು, ಜನ ಮಂಕಿ ಟೋಪಿ ಹಾಕಿಕೊಂಡು ಓಡಾಡುತ್ತಾರೆ.

ಆದರೆ ಎಲ್ಲಾ ಒಂದೇ ಅಲ್ಲ. ಅದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ಬ್ಯಾಟರಿ ಕೊಂಡಾಗಿತ್ತು.

ನಾನು ಧಾರವಾಡದವಳು. ಬ್ಯಾಂಕಿನ ಕೆಲಸ ಪುಣೆಗೆ ಎಳೆದು ತಂತು, ನಿವೃತ್ತಿಯಾದ ಮೇಲೂ ಕೋಥ್ರೂಡ್‌ನಲ್ಲೇ ಉಳಿದೆವು. ನಮ್ಮ ಮನೆಯವರದು ಭೋಸರಿಯಲ್ಲಿ ಸಣ್ಣ ಲೇತ್ ವರ್ಕ್‌ಶಾಪ್. ಹಳೆಯ ಫೋರ್ಸ್ ಟ್ರಾವೆಲರ್ ವ್ಯಾನ್ ಒಂದನ್ನು ಕೊಂಡು, ಹಿಂದಿನ ಸೀಟೆಲ್ಲ ತೆಗೆದು, ಮಂಚ, ಅಡುಗೆ ಕಟ್ಟೆ, 12 ವೋಲ್ಟಿನ ಫ್ರಿಜ್, ಡೀಸೆಲ್ ಹೀಟರ್ ಎಲ್ಲ ಅವರೇ ಕೂರಿಸಿದರು. ಕರೆಂಟಿನ ವಿಷಯ ಬಂದಾಗ ಮಾತ್ರ, "ಲೆಕ್ಕದ್ದು ನಿನ್ನ ಖಾತೆ, ನೀನೇ ನೋಡು" ಅಂದುಬಿಟ್ಟರು.

ವ್ಯಾನಿನ ಒಳಗಿನ ದೀಪ, ಫ್ರಿಜ್, ಹೀಟರ್ ನಡೆಸುವ ಈ ಎರಡನೇ ಬ್ಯಾಟರಿಗೆ ಬ್ರಿಟನ್ನಿನವರು ಲೀಜರ್ ಬ್ಯಾಟರಿ ಅನ್ನುತ್ತಾರೆ. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯೇ ಬೇರೆ, ಇದೇ ಬೇರೆ. ನಮ್ಮದು ಶುರುವಾಗಿದ್ದು ಮನೆಯ ಇನ್ವರ್ಟರ್‌ನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯಿಂದ, ಅಂದರೆ ಸೀಸ-ಆಸಿಡ್‌ನದು. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಲೆಕ್ಕ. ಐವತ್ತು ಕಿಲೋ ದಾಟುವ ಭಾರ. ಬಾಳಿಕೆ ಬರಬೇಕು ಅಂದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುವ ಹಾಗಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೇ ಮಲಗುವ ಜಾಗದಲ್ಲಿ ಇಡುವಂತಿಲ್ಲ ಅಂತ ಹಿಂದೆ ಹೊರಮೈಗೆ ತಗಡಿನ ಪೆಟ್ಟಿಗೆ ಮಾಡಿಸಿ ಅದರಲ್ಲಿ ಇಟ್ಟಿದ್ದೆವು. ಈ ಪೆಟ್ಟಿಗೆಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಲಿಥಿಯಂ ಅಂದರೆ ಇಲ್ಲಿ ಎಲ್‌ಎಫ್‌ಪಿ, ಲಿಥಿಯಂ ಐರನ್ ಫಾಸ್ಫೇಟ್. ಫೋನಿನ ಬ್ಯಾಟರಿಗಿಂತ ಬೇರೆ ಜಾತಿ. ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ, ಸಾವಿರಾರು ಸಲ ಚಾರ್ಜ್ ಮಾಡಬಹುದು, 100 ಎಎಚ್‌ನದು ಹನ್ನೆರಡು ಕಿಲೋ ಆಸುಪಾಸು, ಅದರಲ್ಲಿ ಶೇಕಡಾ ತೊಂಬತ್ತರಷ್ಟು ಧಾರಾಳವಾಗಿ ಬಳಸಬಹುದು. ಇದರ ಬಗ್ಗೆ ಓದುವಾಗ ಒಂದು ಖುಷಿಯ ಸಂಗತಿ ಸಿಕ್ಕಿತು. ಈ ಫಾಸ್ಫೇಟ್ ಬ್ಯಾಟರಿಗೆ ಆಗುತ್ತದೆ ಅಂತ ತೋರಿಸಿದ 1997ರ ಲೇಖನದಲ್ಲಿ ಮೂರು ಹೆಸರಿವೆ: ಪಾಧಿ, ನಂಜುಂಡಸ್ವಾಮಿ, ಗುಡೆನಫ್. ಗುಡೆನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರು ನೋಡಿದ ತಕ್ಷಣ ನಾನು, "ರೀ, ಇಲ್ಲಿ ನೋಡ್ರಿ, ನಮ್ಮ ಕಡೆಯ ಹೆಸರು!" ಅಂತ ಕೂಗಿದ್ದೆ. ಅವರು ಹೀಟರಿನ ಪೈಪ್ ಬಿಗಿಯುತ್ತಿದ್ದರು, ತಲೆ ಎತ್ತಲಿಲ್ಲ.

ಇನ್ನು ಚಳಿಯ ವಿಷಯ. ಮೈನಸ್ 10ರಲ್ಲೂ ಎಲ್‌ಎಫ್‌ಪಿ ಕರೆಂಟ್ ಕೊಡುತ್ತದೆ, ಸ್ವಲ್ಪ ಕಡಿಮೆ ಕೊಡಬಹುದು ಅಷ್ಟೇ. ಸಾಮಾನ್ಯವಾಗಿ ಮೈನಸ್ 20ರವರೆಗೆ ಬಳಸಬಹುದು ಅಂತ ಕಂಪನಿಗಳು ಬರೆದಿರುತ್ತವೆ. ತಕರಾರು ಇರುವುದು ವಾಪಸ್ ತುಂಬುವಾಗ. ಚಾರ್ಜ್ ಮಾಡುವಾಗ ಲಿಥಿಯಂ ಹೋಗಿ ಗ್ರಾಫೈಟ್ ಪದರಗಳ ಒಳಗೆ ಕೂರಬೇಕು. ಸೊನ್ನೆಗಿಂತ ಕೆಳಗೆ ಅದು ಒಳಗೆ ಸರಿಯುವುದೇ ನಿಧಾನ. ಸ್ವಾರ್‌ಗೇಟ್‌ನಲ್ಲಿ ಬಸ್ ಹತ್ತುವವರನ್ನು ನೋಡಿದ್ದೀರಲ್ಲ, ಒಳಗಿನವರು ಮುಂದೆ ಸರಿಯದಿದ್ದರೆ ಉಳಿದವರೆಲ್ಲ ಫುಟ್‌ಬೋರ್ಡ್ ಮೇಲೆ ಜೋತು ಬೀಳುತ್ತಾರೆ. ಹಾಗೇ ಲಿಥಿಯಂ ಹೊರಗೇ ಲೋಹದ ಪದರವಾಗಿ ಕೂತುಬಿಡುತ್ತದೆ. ಹಾಗೆ ಕೂತದ್ದರಲ್ಲಿ ಒಂದಷ್ಟು ಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ, ಪದರ ಬೆಳೆದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಆ ದಿನ ಏನೂ ಗೊತ್ತಾಗುವುದಿಲ್ಲ ನೋಡಿ. ಹಸಿರು ದೀಪ ಉರಿಯುತ್ತಲೇ ಇರುತ್ತದೆ.

ನನ್ನ ಮೊದಲ ಲಿಥಿಯಂ ಬ್ಯಾಟರಿ ಆನ್‌ಲೈನ್‌ನದು, 19,500 ರೂಪಾಯಿ. ವಿವರಣೆಯಲ್ಲಿ 'ಲೋ ಟೆಂಪರೇಚರ್ ಪ್ರೊಟೆಕ್ಷನ್' ಅಂತ ದಪ್ಪ ಅಕ್ಷರದಲ್ಲಿ ಇತ್ತು. ಮೂವತ್ತು ವರ್ಷ ಸಾಲದ ಅರ್ಜಿ ಓದಿದವಳಿಗೆ ದಪ್ಪ ಅಕ್ಷರ ಕಂಡರೇ ಅನುಮಾನ. ಪರೀಕ್ಷೆ ಮಾಡೋಣ ಅಂದರೆ ಪುಣೆಯಲ್ಲಿ ಚಳಿ ಎಲ್ಲಿಂದ ತರುವುದು? ಆಗ ನೆನಪಾದದ್ದು ನಮ್ಮ ಬೀದಿಯ ಕೊನೆಯ ಉಡುಪಿ ಹೋಟೆಲಿನ ಶೆಟ್ಟರು, ಅವರ ಐಸ್‌ಕ್ರೀಂ ಫ್ರೀಜರ್. ಮೈನಸ್ 18 ಡಿಗ್ರಿ.

ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದ ಮೇಲೆ ಹೋದೆವು. ವೆನಿಲಾದ ಡಬ್ಬಗಳನ್ನು ಒಂದು ಬದಿಗೆ ಸರಿಸಿ, ಬ್ಯಾಟರಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಇಟ್ಟರು. "ಅಕ್ಕ, ಇದೇನಾದರೂ ಒಡೆದರೆ ನಾಳೆ ಗಡ್‌ಬಡ್ ಇಲ್ಲ ನೋಡಿ" ಅಂದರು ಶೆಟ್ಟರು. ಬೆಳಿಗ್ಗೆ ಆರಕ್ಕೆ ತೆಗೆದಾಗ ಚೀಲದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಹಿಮ. ಅಡುಗೆಮನೆಯ ಸ್ಟೀಲ್ ಮೇಜಿನ ಮೇಲಿಟ್ಟು, ಒರೆಸಿ, ಚಾರ್ಜರ್ ಸಿಕ್ಕಿಸಿ, ವೈರಿಗೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದೆವು. ಬ್ಯಾಟರಿಯ ಆ್ಯಪ್‌ನಲ್ಲಿ ಉಷ್ಣತೆ ಮೈನಸ್ 13 ಅಂತ ತೋರಿಸುತ್ತಿದೆ. ಮೀಟರಿನಲ್ಲಿ 14 ಆಂಪಿಯರ್ ಒಳಗೆ ಹೋಗುತ್ತಿದೆ! ಚಳಿ ಇದೆ ಅಂತ ಅದಕ್ಕೇ ಗೊತ್ತು, ಆದರೂ ನುಂಗುತ್ತಿದೆ. ತಕ್ಷಣ ವೈರ್ ಕಿತ್ತೆವು.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಆಮೇಲೆ ತಿಳಿದದ್ದು, ಅವರ ಪ್ರೊಟೆಕ್ಷನ್ ಅಂದರೆ ಮೈನಸ್ 20ಕ್ಕೆ ಕರೆಂಟ್ ಕೊಡುವುದನ್ನು ನಿಲ್ಲಿಸುವುದು. ತುಂಬುವುದನ್ನಲ್ಲ! "ಪ್ರಾಡಕ್ಟ್ ನಾರ್ಮಲ್ ಇದೆ ಮ್ಯಾಡಂ" ಅಂತ ಉತ್ತರ ಬಂತು. ವಾಪಸ್ ತೆಗೆದುಕೊಳ್ಳಲಿಲ್ಲ.

ಎರಡನೆಯದನ್ನು ಭೋಸರಿಯಲ್ಲೇ ಪ್ಯಾಕ್ ಜೋಡಿಸಿಕೊಡುವ ಒಂದು ಸಣ್ಣ ಘಟಕದಲ್ಲಿ ಮಾಡಿಸಿದೆ. ಅದೂ 100 ಎಎಚ್, ಆದರೆ ಒಳಗೆ ಹೀಟಿಂಗ್ ಪ್ಯಾಡ್ ಇರುವಂಥದ್ದು. 34,000 ರೂಪಾಯಿ. ಪ್ಯಾಡ್ ಇಲ್ಲದೆ, ಚಳಿಯಲ್ಲಿ ಚಾರ್ಜಿಂಗ್ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಮಾತ್ರ ಇರುವುದು ಅವರಲ್ಲಿ 28,000ಕ್ಕೆ ಸಿಗುತ್ತಿತ್ತು. ಮುಚ್ಚಳ ಹಾಕುವ ಮುಂಚೆ ತೋರಿಸಿ ಅಂತ ಹಟ ಹಿಡಿದೆ. ತೋರಿಸಿದರು. ನೀಲಿ ಸೆಲ್ ನಾಲ್ಕು, ಒಂದೊಂದೂ ಪಂಚಾಂಗದಷ್ಟು ದಪ್ಪ. ಎರಡನೆಯ, ಮೂರನೆಯ ಸೆಲ್‌ಗಳ ನಡುವೆ ಹಳದಿ ಟೇಪಿನಡಿ ಮೆಣಸಿನ ಕಾಳಿನಷ್ಟು ಒಂದು ಉಷ್ಣತೆಯ ಸೆನ್ಸರ್. ಇದು ಮುಖ್ಯ. ಕೆಲವರು ಸೆನ್ಸರನ್ನು ಬಿಎಂಎಸ್ ಬೋರ್ಡಿನ ಮೇಲೇ ಬಿಟ್ಟಿರುತ್ತಾರೆ. ಕರೆಂಟ್ ಹರಿದು ಬೋರ್ಡ್ ಬೆಚ್ಚಗಾದರೆ ಸೆಲ್ ಇನ್ನೂ ತಣ್ಣಗಿರುವಾಗಲೇ ಚಾರ್ಜಿಂಗ್ ಶುರು.

ಮತ್ತೆ ಶೆಟ್ಟರ ಫ್ರೀಜರ್. ಬೆಳಿಗ್ಗೆ ಚಾರ್ಜರ್ ಹಾಕಿದರೆ ಮೀಟರಿನಲ್ಲಿ 5 ಆಂಪಿಯರ್, ಆ್ಯಪ್‌ನಲ್ಲಿ ಚಾರ್ಜಿಂಗ್ ಸೊನ್ನೆ. ಅಂದರೆ ಬಂದದ್ದೆಲ್ಲ ಪ್ಯಾಡಿಗೇ ಹೋಗುತ್ತಿದೆ. ಮೈನಸ್ 14, ಮೈನಸ್ 11, ಮೈನಸ್ 6... ನಾವು ಇಡ್ಲಿ ತಿಂದು, ಎರಡನೇ ಕಾಫಿ ಕುಡಿಯುತ್ತಾ ನೋಡುತ್ತಿದ್ದೆವು. ಮುಕ್ಕಾಲು ಗಂಟೆಯ ಮೇಲೆ 5 ಡಿಗ್ರಿ ಮುಟ್ಟಿತು. ಟಕ್ ಅಂತ ಒಂದು ಸಣ್ಣ ಸದ್ದು, ಮೀಟರ್ 19ಕ್ಕೆ ಹಾರಿತು. "ಪಾಸಾ ಅಕ್ಕ?" ಅಂತ ಗಲ್ಲಾದಿಂದಲೇ ಕೇಳಿದರು ಶೆಟ್ಟರು.

ಕಳೆದ ನವೆಂಬರ್ ಕೊನೆಗೆ ಹಿಮಾಚಲದ ಸ್ಪಿತಿಗೆ ಹೊರಟೆವು. ಮನಾಲಿ ಕಡೆಯಿಂದ ಕುಂಜುಮ್ ಪಾಸ್ ಹಿಮಕ್ಕೆ ಮುಚ್ಚಿರುತ್ತದೆ, ಹಾಗಾಗಿ ಶಿಮ್ಲಾ, ಕಿನ್ನೌರ್ ದಾರಿ. ಕಲ್ಪಾದವರೆಗೆ ಏನೂ ತೊಂದರೆ ಇರಲಿಲ್ಲ. ನಾಕೋದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಮೈನಸ್ 9. ಯಾಕೆ ಅಂದರೆ ಅದೇ ಹಳೆಯ ತಗಡಿನ ಪೆಟ್ಟಿಗೆ! ಟ್ಯೂಬ್ಯುಲರ್‌ಗೆ ಮಾಡಿಸಿದ ಜಾಗದಲ್ಲೇ ಇದನ್ನೂ ಇಟ್ಟುಬಿಟ್ಟಿದ್ದೆವು. ಇಂಜಿನ್ ಶುರು ಮಾಡಿ ಹೊರಟೆವು, ಬ್ಯಾಟರಿ ಬೆಚ್ಚಗಾಗಿ ನಿಜವಾದ ಚಾರ್ಜಿಂಗ್ ಶುರುವಾದಾಗ ಚಾಂಗೋ ಬಂದಿತ್ತು.

ಇಂಜಿನ್‌ನಿಂದ ಬರುವ ಕರೆಂಟಿಗೆ ನಡುವೆ ಅದನ್ನು ಹಿಡಿತದಲ್ಲಿಟ್ಟು ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ನಾವು ಹಾಕಿದ್ದು ನೆದರ್‌ಲೆಂಡ್ಸ್‌ನ ವಿಕ್ಟ್ರಾನ್‌ನ 30 ಆಂಪಿಯರ್‌ನದು. ನೇರ ವೈರ್ ಎಳೆದರೆ ಲಿಥಿಯಂ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ, ಇಂಜಿನ್ನಿನ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು.

ಚಾವಣಿಯ 160 ವ್ಯಾಟ್ ಸೋಲಾರ್ ನಂಬಿಕೊಂಡು ಇರಬೇಡಿ. ತಾಬೋದಲ್ಲಿ ಬೆಟ್ಟದ ಮೇಲಿಂದ ಬಿಸಿಲು ಇಳಿಯುವುದೇ ತಡ. ಬಂದ ಎಳೆಬಿಸಿಲಿನ ಕರೆಂಟು ಪೂರ್ತಿ ಆ ಹೀಟಿಂಗ್ ಪ್ಯಾಡಿಗೇ ಸಾಲದು. ಮಧ್ಯಾಹ್ನದವರೆಗೆ ಒಂದು ಎಎಚ್ ಜಮಾ ಆಗಲಿಲ್ಲ.

ತಾಬೋದಲ್ಲಿ ಎರಡು ರಾತ್ರಿ ಇದ್ದೆವು. 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಯ ಮಠದ ಒಳಗೆ ಕಾಲಿಟ್ಟಾಗ ಬ್ಯಾಟರಿ ಗೀಟರಿ ಎಲ್ಲ ಮರೆತುಹೋಗಿತ್ತು. ಹೊರಗೆ ಬಂದು ನೋಡಿದರೆ ನಮ್ಮ ಮನೆಯವರು ಸ್ಪ್ಯಾನರ್ ಹಿಡಿದು ಬ್ಯಾಟರಿಯನ್ನೇ ಹೊರಗೆ ಎಳೆದಿದ್ದರು. ಎಲ್‌ಎಫ್‌ಪಿ ಚಾರ್ಜ್ ಆಗುವಾಗ ಅನಿಲ ಬಿಡುವುದಿಲ್ಲ, ಮಂಚದ ಕೆಳಗೆ ಯಾಕೆ ಇಡಬಾರದು ಅಂತ. ಎರಡು ಮೀಟರ್ ದಪ್ಪ ಕೇಬಲ್ ಹೇಗೋ ಅವರ ಸಾಮಾನಿನಲ್ಲಿ ಇತ್ತು. ಮಂಚದಡಿ ಇಟ್ಟು, ಮೇಲೆ ನನ್ನ ನವಲಗುಂದದ ಜಮಖಾನೆ ಹೊದಿಸಿದರು. ಅದಕ್ಕೆ ನಾನು ಇನ್ನೂ ಕ್ಷಮಿಸಿಲ್ಲ. ಆದರೆ ಮರುದಿನ ಬೆಳಿಗ್ಗೆ ಹೊರಗೆ ನೀರಿನ ಕ್ಯಾನ್ ಕಲ್ಲಾಗಿತ್ತು, ಬ್ಯಾಟರಿ ಪ್ಲಸ್ 4. ರಾತ್ರಿ ನಮ್ಮನ್ನು ಬೆಚ್ಚಗಿಟ್ಟ ಡೀಸೆಲ್ ಹೀಟರೇ ಅದನ್ನೂ ಬೆಚ್ಚಗಿಟ್ಟಿತ್ತು. ಪ್ಯಾಡು ಕೆಲಸ ಮಾಡಿದ್ದು ಐದೇ ನಿಮಿಷ.

ಹಾಗಾಗಿ ಆ ಹೆಚ್ಚಿನ 6,000 ರೂಪಾಯಿ ದಂಡವೇ ಅಂತ ಕೇಳಿದರೆ, ಬ್ಯಾಟರಿಯನ್ನು ಒಳಗೆ ಇಡುವವರಿಗೆ ಬಹುಮಟ್ಟಿಗೆ ದಂಡ ಅಂತಲೇ ನನ್ನ ಅಭಿಪ್ರಾಯ. ಸೆಲ್‌ಗೆ ಅಂಟಿಸಿದ ಸೆನ್ಸರ್, ಸೊನ್ನೆಗೆ ಚಾರ್ಜಿಂಗ್ ಕತ್ತರಿಸುವ ಬಿಎಂಎಸ್, ಇವೆರಡು ಬೇಕೇ ಬೇಕು. ಪ್ಯಾಡು ಅನುಕೂಲ. ಮಹಾಬಳೇಶ್ವರ, ಕೊಡಗು, ಊಟಿ ಅಂತ ತಿರುಗುವವರಿಗೆ ಪ್ಯಾಡಿನ ಯೋಚನೆಯೇ ಬೇಡ.

ಒಂದು ರಾತ್ರಿಗೆ ನಮಗೆ ಖರ್ಚಾದದ್ದು 38 ಎಎಚ್. ಡೀಸೆಲ್ ಹೀಟರ್ ಹೊತ್ತಿಕೊಳ್ಳುವಾಗ ಕೆಲವು ನಿಮಿಷ 10 ಆಂಪಿಯರ್ ಎಳೆಯುತ್ತದೆ, ಆಮೇಲೆ ಒಂದೂವರೆ ಅಷ್ಟೇ. ಫ್ರಿಜ್ ಆಫ್ ಮಾಡಿ ಟೊಮೆಟೊ, ಮೊಟ್ಟೆ ಅದರೊಳಗೆ ಇಟ್ಟಿದ್ದೆವು, ಹೆಪ್ಪುಗಟ್ಟದಿರಲಿ ಅಂತ! ಇದೆಲ್ಲ ಗೊತ್ತಾದದ್ದು ಶಂಟ್ ಹಾಕಿದ್ದರಿಂದ. ಎಲ್‌ಎಫ್‌ಪಿಯಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು. 13.2 ಇದ್ದದ್ದು ಬಹಳ ಹೊತ್ತು ಅಲ್ಲೇ ಆಸುಪಾಸು ನಿಂತಿರುತ್ತದೆ, ಕೊನೆಗೆ ಧಡಕ್ಕನೆ ಬೀಳುತ್ತದೆ. ಶಂಟ್ ಅಂದರೆ ಪಾಸ್‌ಬುಕ್. ಬಂದದ್ದು, ಹೋದದ್ದು, ಉಳಿದದ್ದು.

ಭೋಸರಿಯವರ ಬಗ್ಗೆ ದೂರೂ ಇವೆ. ನಾಲ್ಕು ದಿನ ಅಂದದ್ದು ಒಂಬತ್ತು ದಿನ ಆಯಿತು. ಜಿಎಸ್‌ಟಿ ಬಿಲ್ ಎರಡು ಸಲ ಕೇಳಿದ ಮೇಲೆ ಬಂತು. ಹಿಡಿದುಕೊಳ್ಳಲು ಹಿಡಿಕೆ ಇಲ್ಲ. ಆ್ಯಪ್‌ನ ಇಂಗ್ಲಿಷ್ ದೇವರಿಗೇ ಪ್ರೀತಿ. ಐದು ವರ್ಷ ವಾರಂಟಿ ಇದೆ, ಆದರೆ ನಾವೇ ಹೊತ್ತುಕೊಂಡು ಹೋಗಬೇಕು. ಟರ್ಮಿನಲ್ ಬೋಲ್ಟ್‌ಗೆ ಸ್ಪ್ರಿಂಗ್ ವಾಷರ್ ಹಾಕಿರಲಿಲ್ಲ, ಕಿನ್ನೌರ್ ರಸ್ತೆಯ ಕುಲುಕಾಟಕ್ಕೆ ಸಡಿಲವಾಗಿ ಕೈ ಇಟ್ಟರೆ ಬಿಸಿ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ವಾಷರ್‌ಗೆ ಅರ್ಧ ಕಡಿತ.

ಆನ್‌ಲೈನ್‌ನ ಆ 19,500ರ ಬ್ಯಾಟರಿ ಈಗ ಶೆಟ್ಟರ ಗಲ್ಲಾದ ಕೆಳಗಿದೆ. ಕೋಥ್ರೂಡ್‌ನಲ್ಲಿ ಸೊನ್ನೆ ಡಿಗ್ರಿ ಬರುವುದಿಲ್ಲ. ಕರೆಂಟ್ ಹೋದಾಗ ಬಿಲ್ಲಿಂಗ್ ಮಷಿನ್ನೂ ಎರಡು ದೀಪವೂ ಅದರಲ್ಲೇ ನಡೆಯುತ್ತವೆ. ಫ್ರೀಜರಿನ ಬಾಡಿಗೆ ಅಂತ ಕೊಟ್ಟೆ. ಆದರೂ ಕಳೆದ ವಾರ ಗಡ್‌ಬಡ್‌ಗೆ ಪೂರ್ತಿ ಬಿಲ್ ಹಾಕಿದರು.