ಪೋಸ್ಟ್‌ಡಾಕ್‌ಗೆ ಮುದುಮಲೈಯೋ, ಪನಾಮಾವೋ?

ಕಾಡಿನ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿ, ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ ಹುಡುಕುತ್ತಿರುವವರ ಮುಂದೆ ಎರಡು 50 ಹೆಕ್ಟೇರ್ ಪ್ಲಾಟ್‌ಗಳಿವೆ ಅಂದುಕೊಳ್ಳಿ. ಪ್ಲಾಟ್ ಅಂದರೆ ಮರಗಳನ್ನು ವರ್ಷಗಟ್ಟಲೆ ಎಣಿಸಿ ಅಧ್ಯಯನ ಮಾಡುವ ಕಾಡಿನ ತುಂಡು.

ಪನಾಮಾದ ಬಾರೋ ಕೊಲೊರಾಡೊ ದ್ವೀಪದಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಸ್ಮಿತ್‌ಸೋನಿಯನ್‌ನವರು 1980ರ ದಶಕದ ಆರಂಭದಿಂದ ಮರ ಎಣಿಸುತ್ತಿದ್ದಾರೆ. ಕಾಂಡ 1 ಸೆಂಟಿಮೀಟರ್ ದಪ್ಪವಿದ್ದರೆ ಸಾಕು, ಅದಕ್ಕೂ ಲೆಕ್ಕ. ಸುಮಾರು 300 ಜಾತಿ. ಲ್ಯಾಬು, ವಸತಿ ಎಲ್ಲ ದ್ವೀಪದಲ್ಲೇ. ಊಟದ ಮೇಜಿನಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸಿಗುತ್ತಾರೆ. ಮುಂದಿನ ಕೆಲಸಕ್ಕೆ ಈ ಪರಿಚಯವೇ ದೊಡ್ಡ ಬಂಡವಾಳ. ಸ್ಪ್ಯಾನಿಷ್ ಸ್ವಲ್ಪ ಕಲಿಯಬೇಕು.

ಮುದುಮಲೈ ಪ್ಲಾಟ್ ಬೆಂಗಳೂರಿನ ಐಐಎಸ್‌ಸಿಯದು, 1988ರಲ್ಲಿ ಶುರುವಾಯಿತು. ಇದು ಒಣ ಎಲೆಯುದುರುವ ಕಾಡು. ಜಾತಿಗಳು ಕಡಿಮೆ, ನಿಜ. ಆದರೆ ಬೆಂಕಿ, ಬರ, ಆನೆ ಮೂರೂ ಸೇರಿ ಮರಗಳ ಹಣೆಬರಹ ಬರೆಯುವ ಜಾಗ ಇದು. ಎಳೆಯ ಸಸಿ ಬೆಂಕಿಗೆ ಸುಟ್ಟು, ಬೇರಿನಿಂದ ಮತ್ತೆ ಚಿಗುರಿ, ಮತ್ತೆ ಸುಡುತ್ತದೆ. ಆನೆ ಕೊಂಬೆ ಮುರಿಯುತ್ತದೆ, ತೊಗಟೆ ಸುಲಿಯುತ್ತದೆ. ಬಾರೋ ಕೊಲೊರಾಡೊದಲ್ಲಿ ಬೆಂಕಿ, ಆನೆಯ ಈ ಪ್ರಶ್ನೆಗಳನ್ನು ಕೇಳೋಕೇ ಆಗಲ್ಲ. ಕಷ್ಟವೂ ಇದೆ: ಅರಣ್ಯ ಇಲಾಖೆಯ ಅನುಮತಿ ಬೇಕು, ಆನೆ ಎದುರಾದರೆ ಆ ದಿನದ ಕೆಲಸ ಅಷ್ಟೇ.

ಹಣಕ್ಕೆ ಭಾರತದಲ್ಲಿ ಎನ್‌ಪಿಡಿಎಫ್ ಎಂಬ ಸರ್ಕಾರಿ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ: 2 ವರ್ಷ, ಸಾಮಾನ್ಯ ವಯೋಮಿತಿ 35.

ಒಂದು ಗುಟ್ಟು ಹೇಳ್ಲಾ? ಬಾರೋ ಕೊಲೊರಾಡೊದ ಮರಗಣತಿಯ ಡೇಟಾ ಎಲ್ಲರಿಗೂ ಮುಕ್ತ. ಬರೀ ಕಂಪ್ಯೂಟರ್ ವಿಶ್ಲೇಷಣೆ ನಿಮ್ಮ ಗುರಿಯಾದರೆ ಸುಮ್ನೆ ಅಷ್ಟು ದೂರ ಯಾಕೆ? ಬೆಂಕಿ ಅಥವಾ ಆನೆ ನಿಮ್ಮ ವಿಷಯವಾಗಿದ್ದರೆ ನಾನಂತೂ ಮುದುಮಲೈ ಅನ್ನುತ್ತೇನೆ. ಬಳ್ಳಿ, ಬೀಜ ಹರಡುವಿಕೆ, ಮಳೆಕಾಡಿನ ವೈವಿಧ್ಯವಾದರೆ ಪನಾಮಾಗೆ ಅರ್ಜಿ ಹಾಕಿ.