ಫೈಲ್ ಎಕ್ಸ್‌ಪ್ಲೋರರ್ ಪದೇ ಪದೇ ಮುಚ್ಚಿಕೊಳ್ಳುತ್ತಿದೆಯಾ? ದಯವಿಟ್ಟು ರಿಪೇರಿ ಟೂಲ್ ಹಾಕಬೇಡಿ

ಫೋಲ್ಡರ್ ತೆರೆದು ಏನೋ ಮಾಡುವಷ್ಟರಲ್ಲಿ ವಿಂಡೋ ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ ಗಾಬರಿ ಆಗುವುದು ಸಹಜ. ಆ ಗಾಬರಿಯಲ್ಲಿ ‘ಒಂದೇ ಕ್ಲಿಕ್ಕಿನಲ್ಲಿ ಎಲ್ಲಾ ಸರಿ’ ಅನ್ನುವ ಸಾಫ್ಟ್‌ವೇರ್ ಮಾತ್ರ ಇಳಿಸಿಕೊಳ್ಳಬೇಡಿ. ನಾನು ಇಳಿಸಿಕೊಂಡೆ, ಅಮ್ಮನ ಆಸ್ಪತ್ರೆ ರಿಪೋರ್ಟುಗಳನ್ನು ಕಳೆದುಕೊಂಡೆ.

ನನಗೆ ಆಗುತ್ತಿದ್ದದ್ದು ಇಷ್ಟು. ಯಾವುದಾದರೂ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೌಸಿನ ಪಕ್ಕ ನೀಲಿ ಚಕ್ರ ಸುತ್ತುತ್ತಿತ್ತು. ಮೆನು ಬರುತ್ತಿರಲಿಲ್ಲ. ಕೆಳಗಿನ ಟಾಸ್ಕ್‌ಬಾರ್ ಮಾಯ, ಡೆಸ್ಕ್‌ಟಾಪಿನ ಐಕಾನ್‌ಗಳೂ ಮಾಯ. ಒಂದೆರಡು ಸೆಕೆಂಡಿನಲ್ಲಿ ಎಲ್ಲ ವಾಪಸ್ ಬರುತ್ತಿತ್ತು, ತೆರೆದಿದ್ದ ಫೋಲ್ಡರುಗಳು ಮಾತ್ರ ಇರುತ್ತಿರಲಿಲ್ಲ. ವಿಂಡೋಸಿನಲ್ಲಿ ಫೋಲ್ಡರ್ ತೋರಿಸುವುದು, ಟಾಸ್ಕ್‌ಬಾರ್ ತೋರಿಸುವುದು ಎರಡೂ ಎಕ್ಸ್‌ಪ್ಲೋರರ್ ಕೆಲಸವೇ. ಅದು ಬಿದ್ದರೆ ಎರಡೂ ಹೋಗುತ್ತವೆ. ಆಗ ನನಗಿದು ಗೊತ್ತಿರಲಿಲ್ಲ. ಇಡೀ ಕಂಪ್ಯೂಟರೇ ಹಾಳಾಯಿತು ಅಂದುಕೊಂಡೆ.

ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಂಡದ್ದು ಒಂದು ಜಾಹೀರಾತು. ಆ ಟೂಲ್ ಹಾಕಿದೆ. ಒಂದು ನಿಮಿಷದೊಳಗೆ ಸ್ಕ್ಯಾನ್ ಮುಗಿಸಿ, ಸಾವಿರಕ್ಕೂ ಜಾಸ್ತಿ ದೋಷ ಇದೆ ಅಂತ ಕೆಂಪು ಅಕ್ಷರದಲ್ಲಿ ತೋರಿಸಿತು. ಸರಿ ಮಾಡಬೇಕಾದರೆ ದುಡ್ಡು ಕಟ್ಟಿ ಅಂತು. ಕಟ್ಟಿದೆ. ಆಮೇಲೆ ಉದ್ದದ ಪಟ್ಟಿ ಬಂತು, ಎಲ್ಲಾ ಚೌಕಗಳಲ್ಲೂ ಮೊದಲೇ ಟಿಕ್ ಇತ್ತು. ಪಟ್ಟಿಯ ಕೊನೆಯಲ್ಲಿ ‘ಡೌನ್‌ಲೋಡ್ಸ್’ ಅಂತಲೂ ಇತ್ತು. ನಾನು ಅಲ್ಲಿಯವರೆಗೆ ಓದಲಿಲ್ಲ.

ರೀಸ್ಟಾರ್ಟ್ ಆದ ಮೇಲೆ ನೋಡಿದರೆ ಡೌನ್‌ಲೋಡ್ಸ್ ಖಾಲಿ, ರೀಸೈಕಲ್ ಬಿನ್ ಕೂಡ ಖಾಲಿ. ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಯಾವುದರಲ್ಲಿ ತೆರೆಯಲಿ ಅಂತ ಕೇಳತೊಡಗಿತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗಕ್ಕೆ ರಿಜಿಸ್ಟ್ರಿ ಅಂತಾರೆ, ಅದನ್ನು ‘ಕ್ಲೀನ್’ ಮಾಡಿದ ಫಲ ಇದು. ಇಂಥ ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಇಷ್ಟೆಲ್ಲ ಆದ ಮೇಲೂ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಪ್ಲೋರರ್ ಮತ್ತೆ ಬಿತ್ತು. ಅಳಿಸಿಹೋದ ಫೈಲುಗಳನ್ನು ವಾಪಸ್ ತರಲೂ ಆಗಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಫೈಲುಗಳು ಇರುವುದು ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ಡಿಸ್ಕಿನಲ್ಲಿ. ಅಳಿಸಿದ ಜಾಗವನ್ನು ಅದು ಬೇಗ ಖಾಲಿ ಮಾಡಿಬಿಡುತ್ತದೆ, ಹಳೇ ಹಾರ್ಡ್ ಡಿಸ್ಕಿನ ಹಾಗಲ್ಲ.

ನಿಜವಾದ ಕಾರಣ ಕಂಪ್ಯೂಟರಿನಲ್ಲೇ ಬರೆದಿಟ್ಟಿತ್ತು. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿದರೆ ರಿಲಯಬಿಲಿಟಿ ಮಾನಿಟರ್ ಸಿಗುತ್ತದೆ. ದಿನದಿನದ ಲೆಕ್ಕ, 1ರಿಂದ 10ರವರೆಗಿನ ಒಂದು ಗೆರೆ. ನನ್ನ ಗೆರೆ ನೆಟ್ಟಗೆ ಬಂದು ಒಂದು ದಿನ ದಡಕ್ಕನೆ ಕೆಳಗೆ ಇಳಿದಿತ್ತು. ಅಲ್ಲಿಂದ ಮುಂದೆ ಪ್ರತಿದಿನ ಕೆಂಪು ಗುರುತು. ಅದರ ಹಿಂದಿನ ದಿನದ ಮೇಲೆ ಕ್ಲಿಕ್ ಮಾಡಿದೆ. ಅವತ್ತು ನಾನು ಒಂದು ಉಚಿತ ಜಿಪ್ ಸಾಫ್ಟ್‌ವೇರ್ ಹಾಕಿದ್ದೆ! ಕೆಂಪು ಗುರುತಿನ ವಿವರ ತೆರೆದರೆ ‘ಫಾಲ್ಟ್ ಮಾಡ್ಯೂಲ್’ (ಎಡವಿದ ಫೈಲ್) ಅನ್ನುವ ಸಾಲಿನಲ್ಲೂ ಅದರದ್ದೇ ಫೈಲಿನ ಹೆಸರು. ರೈಟ್ ಕ್ಲಿಕ್ ಮೆನುವಿಗೆ ತನ್ನ ಸಾಲು ಸೇರಿಸುವ ಸಾಫ್ಟ್‌ವೇರ್‌ಗಳ ಒಂದು ತುಂಡು ಎಕ್ಸ್‌ಪ್ಲೋರರ್ ಒಳಗೇ ಕೂತು ಓಡುತ್ತಿರುತ್ತದೆ. ಆ ತುಂಡು ಎಡವಿದರೆ ಎಕ್ಸ್‌ಪ್ಲೋರರನ್ನೂ ಬೀಳಿಸುತ್ತದೆ. ಆ ಜಿಪ್ ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಿದೆ, ರೀಸ್ಟಾರ್ಟ್ ಮಾಡಿದೆ. ಅಷ್ಟೇ, ಸರಿಹೋಯಿತು. ಐದು ನಿಮಿಷದ ಕೆಲಸ.

ಎಲ್ಲರಿಗೂ ಹೀಗೆ ನೇರವಾಗಿ ಹೆಸರು ಸಿಗುವುದಿಲ್ಲ. ಆ ಸಾಲಿನಲ್ಲಿ ವಿಂಡೋಸಿನದೇ ಫೈಲ್ ಕಂಡರೂ ತಪ್ಪು ಅದರದ್ದೇ ಅಂತಲ್ಲ. ಆಗ ಶೆಲ್‌ಎಕ್ಸ್‌ವ್ಯೂ ಅನ್ನುವ ಸಣ್ಣ ಉಚಿತ ಪ್ರೋಗ್ರಾಂ ನೆರವಿಗೆ ಬರುತ್ತದೆ. ಹೊರಗಿನ ಸಾಫ್ಟ್‌ವೇರ್‌ಗಳು ಸೇರಿಸಿದ್ದನ್ನು ಅದು ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ. ಅವುಗಳಲ್ಲಿ ಅರ್ಧದಷ್ಟನ್ನು ಆಫ್ ಮಾಡಿ ನೋಡಿ, ಆಮೇಲೆ ಉಳಿದರ್ಧ. ಯಾವುದನ್ನೂ ಅಳಿಸುವುದು ಬೇಡ. ಒಂದೇ ಫೋಲ್ಡರ್ ತೆರೆದಾಗ ಮಾತ್ರ ಬೀಳುತ್ತಿದ್ದರೆ ಅದರೊಳಗಿನ ಕೆಟ್ಟುಹೋದ ವಿಡಿಯೋ ಇಲ್ಲವೇ ಫೋಟೋದ ಥಂಬ್‌ನೇಲ್ (ಐಕಾನ್ ಜಾಗದಲ್ಲಿ ಕಾಣುವ ಪುಟ್ಟ ಚಿತ್ರ) ಕಾರಣ ಇರಬಹುದು. ಫೋಲ್ಡರ್ ಆಪ್ಷನ್ಸ್‌ನಲ್ಲಿ ಥಂಬ್‌ನೇಲ್ ನಿಲ್ಲಿಸಿ ನೋಡಿ. ಟಾಸ್ಕ್‌ಬಾರ್ ವಾಪಸ್ ಬರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ ರೀಸ್ಟಾರ್ಟ್ ಕೊಡಿ.

ಏನೇ ಮಾಡುವ ಮುಂಚೆ ಮುಖ್ಯ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಕಟ್ ಮಾಡಬೇಡಿ. ನಡುವೆ ಎಕ್ಸ್‌ಪ್ಲೋರರ್ ಬಿದ್ದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಉಳಿಯುತ್ತದೆ.

ಅಮ್ಮನ ರಿಪೋರ್ಟುಗಳಲ್ಲಿ ಕೆಲವು ಹಳೇ ಇಮೇಲ್‌ಗಳಲ್ಲಿ ಸಿಕ್ಕವು. ಎರಡು ಸ್ಕ್ಯಾನ್ ಇನ್ನೂ ಸಿಕ್ಕಿಲ್ಲ.